ಮೊದಲ ಸಲ ನಾನೇ ಜೋಡಿಸಿದ ಕಂಪ್ಯೂಟರ್, ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿದೆ

ರಾಯಚೂರು_ಬಿಸಿಲು:
ಎಲ್ಲರಿಗೂ ನಮಸ್ಕಾರ. ವರ್ಷವಿಡೀ ದುಡ್ಡು ಕೂಡಿಟ್ಟು, ಬೆಂಗಳೂರಿಗೆ ಹೋದಾಗೆಲ್ಲ ಎಸ್‌.ಪಿ. ರೋಡಿನಿಂದ ಒಂದೊಂದೇ ಸಾಮಾನು ತಂದು, ಮೊನ್ನೆ ಭಾನುವಾರ ಮೊದಲ ಸಲ ಕಂಪ್ಯೂಟರ್ ನಾನೇ ಜೋಡಿಸಿದೆ. ಇಂಟೆಲ್ ಐ5-12400ಎಫ್, ಬಿ660 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡ್. ಆನ್ ಆಯಿತು, ವಿಂಡೋಸ್ ಹಾಕಿದೆ, ತುಂಬಾ ಖುಷಿಯಾಯಿತು.

ಆದರೆ ಏನೂ ಕೆಲಸ ಕೊಡದೆ ಸುಮ್ನೆ ಇಟ್ಟರೂ 68-70 ಡಿಗ್ರಿ ತೋರಿಸುತ್ತದೆ. ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನೆಬೆಂಚ್ ಸಾಫ್ಟ್‌ವೇರ್ ಓಡಿಸಿದರೆ ಎರಡೇ ಸೆಕೆಂಡಿಗೆ 100. ಆಮೇಲೆ ವೇಗ 4 ಗಿಗಾಹರ್ಟ್ಸ್‌ನಿಂದ 2ಕ್ಕಿಂತ ಕೆಳಗೆ ಬೀಳುತ್ತದೆ. ಫ್ಯಾನ್ ಮಾತ್ರ ಪಕ್ಕದ ಕೋಣೆಗೆ ಕೇಳುವಷ್ಟು ಜೋರಾಗಿ ತಿರುಗುತ್ತಿದೆ. ಇಲ್ಲಿ ಈಗ ಬೇಸಿಗೆ, ರೂಮಿನೊಳಗೇ 38 ಡಿಗ್ರಿ. ಬಿಸಿಲಿಗೆ ಹೀಗಾಗುತ್ತಿದೆಯೋ, ನಾನೇ ಏನಾದರೂ ತಪ್ಪು ಮಾಡಿದ್ದೇನೋ ಗೊತ್ತಾಗುತ್ತಿಲ್ಲ. ಪ್ರೊಸೆಸರ್ ಸುಟ್ಟುಹೋದರೆ ಇನ್ನೊಂದು ತರುವ ಶಕ್ತಿ ನನಗಿಲ್ಲ. ದಯವಿಟ್ಟು ಸಹಾಯ ಮಾಡಿ.

ಗಾಳಿಪಟ_ಪಿಸಿ:
ಕೂಲರ್ ಪ್ರೊಸೆಸರ್ ಡಬ್ಬಿಯಲ್ಲೇ ಬಂದದ್ದಾ? ನಿಮ್ಮ ಕಡೆ ಸೆಖೆಗೆ ಅದು ಸಾಲಲ್ಲ ಗುರು. ನೀರಿನ ಕೂಲರ್ ಹಾಕಿಸಿಬಿಡಿ, ತಲೆನೋವೇ ಇರಲ್ಲ.

ಹಳೇ_ಸೋಲ್ಡರ್:
ಈಗಲೇ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಮೊದಲು ಭಯ ಬಿಡಿ. ಈ ಪ್ರೊಸೆಸರ್‌ಗೆ 100 ಡಿಗ್ರಿ ಮಿತಿ ಇದೆ, ಅಲ್ಲಿಗೆ ಬಂದ ಕೂಡಲೇ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ತಡೆಯಲಾಗದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡುತ್ತದೆ. ನೀವು ನೋಡಿದ್ದು ಅದರ ಕಾಪಾಡಿಕೊಳ್ಳುವ ಕೆಲಸ.

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಆ "ಎರಡೇ ಸೆಕೆಂಡು". ಹೀಟ್‌ಸಿಂಕ್ ಅನ್ನೋದು ಕೂಲರ್‌ನಲ್ಲಿ ಫ್ಯಾನ್ ಜೊತೆಗಿರುವ ಲೋಹದ ಗಟ್ಟಿ, ಅದು ಕಾಯೋದಕ್ಕೆ ಹೊತ್ತು ಬೇಕು. ರೂಮಿನ ಸೆಖೆಯೋ ಕ್ಯಾಬಿನೆಟ್ ಒಳಗೆ ಗಾಳಿ ಆಡದ್ದೋ ಕಾರಣವಾಗಿದ್ದರೆ ಡಿಗ್ರಿ ನಿಧಾನಕ್ಕೆ, ಐದು ಹತ್ತು ನಿಮಿಷದಲ್ಲಿ ಏರುತ್ತದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ 100 ಆಯಿತು ಅಂದರೆ ಬಿಸಿ ಪ್ರೊಸೆಸರ್‌ನಿಂದ ಹೀಟ್‌ಸಿಂಕ್‌ಗೆ ದಾಟುತ್ತಲೇ ಇಲ್ಲ. ಎರಡರ ಮಧ್ಯೆ ಕೂದಲೆಳೆಯಷ್ಟು ಸಂದಿ ಬಿದ್ದರೂ ಸಾಕು, ಯಾಕೆಂದರೆ ಗಾಳಿ ಬಿಸಿಯನ್ನು ಸರಿಯಾಗಿ ದಾಟಿಸುವುದಿಲ್ಲ. ಹೀಗಿರುವಾಗ ಎಷ್ಟು ದುಬಾರಿ ಕೂಲರ್ ತಂದು ಓರೆಯಾಗಿ ಕೂರಿಸಿದರೂ ಇದೇ ಕಥೆ.

ಎರಡು ಕೆಲಸ ಮಾಡಿ. ಸಿನೆಬೆಂಚ್ ಎರಡು ನಿಮಿಷ ಓಡಿಸಿ, ಆಫ್ ಮಾಡಿ, ಫ್ಯಾನ್ ಪೂರ್ತಿ ನಿಂತ ಮೇಲೆ ಹೀಟ್‌ಸಿಂಕ್ ಪಕ್ಕವನ್ನು ಬೆರಳಲ್ಲಿ ಮುಟ್ಟಿ ನೋಡಿ. ಬರೀ ಉಗುರು ಬೆಚ್ಚಗಿದ್ದರೆ ನನ್ನ ಅನುಮಾನ ನಿಜ. ಆಮೇಲೆ ಪ್ಲಗ್ ಕಿತ್ತು ಕ್ಯಾಬಿನೆಟ್‌ನ ಹಿಂಬದಿ ತಗಡು ಬಿಚ್ಚಿ. ಪ್ರೊಸೆಸರ್ ಕೂರುವ ಸಾಕೆಟ್ ಹಿಂದೆ ದೊಡ್ಡ ಕಿಂಡಿ ಇರುತ್ತದೆ, ಅಲ್ಲಿಂದ ಕೂಲರ್‌ನ ನಾಲ್ಕೂ ಪಿನ್‌ಗಳ ತುದಿ ನೋಡಿ. ಸೀಳಿದ ಕಾಲು ಪೂರ್ತಿ ಹೊರಬಂದು ಅಗಲವಾಗಿರಬೇಕು, ಮಧ್ಯದ ಕಡ್ಡಿ ಇಳಿದಿರಬೇಕು. ನಾಲ್ಕೂ ಒಂದೇ ಥರ ಇವೆಯಾ?

ರಾಯಚೂರು_ಬಿಸಿಲು:
ಸರ್, ನೀವು ಹೇಳಿದ ಹಾಗೇ ಇದೆ! ಹೀಟ್‌ಸಿಂಕ್ ಹೆಚ್ಚುಕಡಿಮೆ ತಣ್ಣಗೇ ಇತ್ತು. ಹಿಂದಿನಿಂದ ನೋಡಿದರೆ ಮೂರು ಪಿನ್ ಸರಿಯಾಗಿವೆ. ಗ್ರಾಫಿಕ್ಸ್ ಕಾರ್ಡ್ ಕಡೆಗಿರುವ ಒಂದು ಅರ್ಧ ಮಾತ್ರ ಬಂದಿದೆ, ಬೆರಳು ತಾಗಿಸಿದರೆ ಅಲ್ಲಾಡುತ್ತದೆ. ಬೋರ್ಡನ್ನು ಕ್ಯಾಬಿನೆಟ್‌ಗೆ ಸ್ಕ್ರೂ ಮಾಡಿದ ಮೇಲೆ ಕೂಲರ್ ಹಾಕಿದ್ದೆ, ಆ ಮೂಲೆಗೆ ಕೈಯೇ ಸರಿಯಾಗಿ ಹೋಗುತ್ತಿರಲಿಲ್ಲ. ಟಕ್ ಅಂತ ಸದ್ದು ಬಂದಿತ್ತು, ಕೂತಿದೆ ಅಂದುಕೊಂಡೆ. ಈಗ ಅದೊಂದನ್ನೇ ಒತ್ತಿಬಿಡಲಾ?

ಹಳೇ_ಸೋಲ್ಡರ್:
ಬೇಡ. ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ಮಧ್ಯೆ ಬಿಸಿ ದಾಟಿಸಲು ಹಚ್ಚಿರುವ ಪೇಸ್ಟ್ ಒಂದು ಸಲ ಓರೆಯಾಗಿ ಹರಡಿದೆ, ಅದರ ಮೇಲೇ ಒತ್ತಿದರೆ ಗಾಳಿ ಒಳಗೇ ಉಳಿಯಬಹುದು. ಪೂರ್ತಿ ಬಿಚ್ಚಿ ಹೊಸದಾಗಿ ಕೂರಿಸಿ. ಬೋರ್ಡನ್ನೂ ಹೊರಗೆ ತೆಗೆಯಿರಿ. ಬೇಜಾರಿನ ಕೆಲಸ, ಗೊತ್ತು, ಆದರೆ ಒಳಗಿಟ್ಟು ಒತ್ತಿದರೆ ಬೋರ್ಡ್ ಬಾಗುತ್ತದೆ, ಒತ್ತಡ ಎಲ್ಲಿಗೆ ಬಿತ್ತು ಅನ್ನೋದು ತಿಳಿಯುವುದೇ ಇಲ್ಲ.

ಪಿನ್ ತಲೆ ಮೇಲೆ ಬಾಣ ಇದೆ ನೋಡಿ, ಅದು ಬಿಚ್ಚುವ ದಿಕ್ಕು. ಹೊಸಬರು ಎಡವೋದು ಇಲ್ಲೇ, ಬಾಣದ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ ಅಂದುಕೊಳ್ಳುತ್ತಾರೆ. ನಾಲ್ಕನ್ನೂ ಬಾಣದ ಕಡೆ ತಿರುಗಿಸಿ ಮೇಲಕ್ಕೆಳೆಯಿರಿ, ಫ್ಯಾನ್ ವೈರ್ ತೆಗೆಯಿರಿ, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಚಿ ಎತ್ತಿ. ಎತ್ತಿದ ಮೇಲೆ ಪೇಸ್ಟ್‌ನ ಗುರುತಿನ ಫೋಟೋ ಹಾಕಿ, ನೋಡಬೇಕು. ಹಳೇ ಪೇಸ್ಟನ್ನು ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಎರಡೂ ಕಡೆ ಒರೆಸಿ, ಮಧ್ಯದಲ್ಲಿ ಒಂದು ಬಟಾಣಿಯಷ್ಟು ಹೊಸ ಪೇಸ್ಟ್ ಇಡಿ.

ಕೂರಿಸುವ ಮೊದಲು ಪಿನ್ ತಲೆಗಳನ್ನೆಲ್ಲ ಬಾಣದ ವಿರುದ್ಧ ದಿಕ್ಕಿಗೆ ಕೊನೆಯವರೆಗೂ ತಿರುಗಿಸಿ ಮೇಲಕ್ಕೆಳೆದು ಇಡಿ. ಬೋರ್ಡನ್ನು ಅದರ ಡಬ್ಬಿ ಮೇಲೆ ಇಟ್ಟು ನಾಲ್ಕು ಕಾಲೂ ತೂತಿನಲ್ಲಿ ನೇರ ನಿಂತಿವೆಯಾ ನೋಡಿಕೊಳ್ಳಿ. ಆಮೇಲೆ ಎದುರುಬದುರು ಮೂಲೆಯ ಎರಡನ್ನು ಒಟ್ಟಿಗೆ ಒತ್ತಿ, ಮತ್ತೆ ಉಳಿದೆರಡನ್ನು. ಸದ್ದನ್ನು ಮಾತ್ರ ನಂಬಬೇಡಿ, ಬೋರ್ಡ್ ಎತ್ತಿ ಹಿಂದೆ ನೋಡಿ.

ಗಾಳಿಪಟ_ಪಿಸಿ:
ನಾನು ಅವಸರದಲ್ಲಿ ಹೇಳಿದೆ, ಎರಡು ಸೆಕೆಂಡಿನ ವಿಷಯ ಗಮನಿಸಲಿಲ್ಲ, ಕ್ಷಮಿಸಿ. ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಹಳೇ 10ನೇ ತಲೆಮಾರಿನ ಕೂಲರ್ ಮನೆಯಲ್ಲಿದೆ ಅಂತ 12ನೇ ತಲೆಮಾರಿನ ಬೋರ್ಡ್‌ಗೆ ಹಾಕಲು ಹೋಗಬೇಡಿ. ಹಳೆಯದರಲ್ಲಿ ತೂತುಗಳ ಅಂತರ 75 ಮಿ.ಮೀ., ಹೊಸದರಲ್ಲಿ 78.

ರಾಯಚೂರು_ಬಿಸಿಲು:
ಫೋಟೋ ಹಾಕಿದ್ದೇನೆ ನೋಡಿ. ಮೂರು ಮೂಲೆಯಲ್ಲಿ ಪೇಸ್ಟ್ ತೆಳ್ಳಗೆ ಹರಡಿದೆ, ನಾಲ್ಕನೆಯ ಕಡೆ ಕಾರ್ಖಾನೆಯಲ್ಲಿ ಹಚ್ಚಿದ ಗೆರೆ ಹಾಗೇ ಇದೆ, ಪ್ರೊಸೆಸರ್‌ಗೆ ತಾಗಿಯೇ ಇಲ್ಲ.

ಊರಿನಲ್ಲಿ ಪೇಸ್ಟ್ ಹುಡುಕಲು ಎರಡು ದಿನ ಬೇಕಾಯಿತು, ಕೊನೆಗೆ ಮೊಬೈಲ್ ರಿಪೇರಿ ಮಾಡುವ ಅಣ್ಣ ಒಬ್ಬರು ತಮ್ಮ ಟ್ಯೂಬಿನಿಂದಲೇ ಕೊಟ್ಟರು, ದುಡ್ಡು ಬೇಡ ಅಂದರು. ನೀವು ಹೇಳಿದ ಹಾಗೆ ಡಬ್ಬಿ ಮೇಲಿಟ್ಟು ಒತ್ತಿದೆ, ನಾಲ್ಕೂ ಕಾಲು ಅಗಲಿದ್ದನ್ನು ಕಣ್ಣಾರೆ ನೋಡಿದೆ. ಈಗ ಸುಮ್ನೆ ಇದ್ದಾಗ 46. ಸಿನೆಬೆಂಚ್ ಹತ್ತು ನಿಮಿಷ ಓಡಿಸಿದರೆ ನಿಧಾನಕ್ಕೆ ಏರಿ 87ಕ್ಕೆ ನಿಂತಿತು, ವೇಗ 4 ಗಿಗಾಹರ್ಟ್ಸ್‌ನಿಂದ ಕದಲಲಿಲ್ಲ. 87 ಜಾಸ್ತಿ ಆಯಿತಾ ಸರ್?

ಹಳೇ_ಸೋಲ್ಡರ್:
ಇಲ್ಲ ತಮ್ಮ, ಚೆನ್ನಾಗಿದೆ. ಗಾಳಿಯ ಕೂಲರ್ ರೂಮಿಗಿಂತ ಕೆಳಗೆ ತಣ್ಣಗೆ ಮಾಡಲಾರದು, ಲೆಕ್ಕ ಶುರುವಾಗೋದೇ ನಿಮ್ಮ 38ರಿಂದ. ಅಲ್ಲಿಂದ 49 ಡಿಗ್ರಿ ಏರಿದೆ ಅಷ್ಟೇ. 25 ಡಿಗ್ರಿಯ ರೂಮಿನಲ್ಲಿ ಇದೇ ಕಂಪ್ಯೂಟರ್ 75ರ ಹತ್ತಿರ ತೋರಿಸುತ್ತದೆ. ದಿನದ ಕೆಲಸಕ್ಕೆ ಸಿನೆಬೆಂಚ್‌ನಷ್ಟು ಭಾರ ಬೀಳೋದೂ ಅಪರೂಪ. ಧೂಳು ಕೂತರೆ ಮತ್ತೆ ಏರುತ್ತದೆ, ತಿಂಗಳಿಗೊಮ್ಮೆ ಫ್ಯಾನ್ ತಿರುಗದ ಹಾಗೆ ಹಿಡಿದು ಬ್ರಶ್ ಆಡಿಸಿ.

ರಾಯಚೂರು_ಬಿಸಿಲು:
ಸರಿ ಸರ್, ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ತಂಗಿ ಕೂತು ಪ್ರಾಜೆಕ್ಟ್ ಮಾಡುತ್ತಿದ್ದಾಳೆ, ಫ್ಯಾನ್ ಸದ್ದೇ ಕೇಳುತ್ತಿಲ್ಲ.