ಶಿಕಾಗೋ ನದಿಯ ಸಂಜೆ ದೋಣಿವಿಹಾರ: ತಂದೆತಾಯಿಯವರನ್ನು ಯಾವ ಹೊತ್ತಿಗೆ ಕರೆದೊಯ್ಯುವುದು ಒಳ್ಳೆಯದು?

ತುಂಗಾತೀರ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನನ್ನ ತಂದೆತಾಯಿ ಸೆಪ್ಟೆಂಬರ್ ಮಧ್ಯಭಾಗದಲ್ಲಿ ಶಿವಮೊಗ್ಗದಿಂದ ನಮ್ಮ ಮನೆಗೆ ಬರುತ್ತಿದ್ದಾರೆ. ನಾವಿರುವುದು ಶಿಕಾಗೋದ ಹೊರವಲಯದ ನೇಪರ್‌ವಿಲ್‌ನಲ್ಲಿ. ತಂದೆಯವರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಎಲ್ಲಿಗೆ ಹೋದರೂ ಸೇತುವೆಯ ಕೆಳಗೆ ನಿಂತು ಅದರ ತೊಲೆಗಳನ್ನು ನೋಡದೆ ಮುಂದೆ ಹೋಗುವುದಿಲ್ಲ. ತಾಯಿಯವರು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವರು. ಅವರಿಗೆ ಮಂಡಿನೋವು ಇರುವುದರಿಂದ ಪೇಟೆಯ ಬೀದಿಗಳಲ್ಲಿ ಗಂಟೆಗಟ್ಟಲೆ ನಡೆಸಿಕೊಂಡು ಹೋಗುವಂತಿಲ್ಲ. ಆದ್ದರಿಂದ ನಗರದ ಗಗನಚುಂಬಿ ಕಟ್ಟಡಗಳನ್ನು ಕುಳಿತಲ್ಲಿಂದಲೇ ತೋರಿಸಬಹುದಾದ ನದಿಯ ದೋಣಿವಿಹಾರವೇ ಸರಿ ಎಂದು ನಾವು ಗಂಡಹೆಂಡತಿ ನಿಶ್ಚಯಿಸಿದ್ದೇವೆ.

ಮೂರು ವಿಷಯಗಳಲ್ಲಿ ನಿಮ್ಮ ಸಲಹೆ ಬೇಕು. ಮೊದಲನೆಯದಾಗಿ, ಸೂರ್ಯಾಸ್ತದ ಹೊತ್ತಿನ ದೋಣಿ ಒಳ್ಳೆಯದೋ, ಪೂರ್ತಿ ಕತ್ತಲಾದ ಮೇಲೆ ಹೊರಡುವುದು ಒಳ್ಳೆಯದೋ? ದೀಪಗಳನ್ನು ನೋಡಬೇಕೆಂದು ತಾಯಿಯವರಿಗೆ ಆಸೆ. ಕಟ್ಟಡದ ರಚನೆ ಕಾಣಬೇಕೆಂದು ತಂದೆಯವರ ಅಪೇಕ್ಷೆ. ಎರಡನೆಯದಾಗಿ, ಊಟ ಮತ್ತು ಸಂಗೀತವಿರುವ ದೋಣಿಗಳೂ ಇವೆ, ಮಾರ್ಗದರ್ಶಿಯೊಬ್ಬರು ಕಟ್ಟಡಗಳ ಇತಿಹಾಸ ಹೇಳುವ ದೋಣಿಗಳೂ ಇವೆ, ಯಾವುದನ್ನು ಆರಿಸಬೇಕು? ಕೊನೆಯದಾಗಿ, ತಾಯಿಯವರಿಗೆ ಇಂಗ್ಲಿಷ್ ಓದಿ ತಿಳಿದೀತೇ ಹೊರತು, ಅಮೆರಿಕನ್ನರು ವೇಗವಾಗಿ ಮಾತನಾಡಿದರೆ ಹಿಡಿಯುವುದು ಕಷ್ಟ. ಒಂದೂವರೆ ಗಂಟೆ ಅರ್ಥವಾಗದ ವಿವರಣೆಯನ್ನು ಕೇಳುತ್ತ ಕುಳಿತು ಬೇಸರಪಟ್ಟುಕೊಂಡಾರೆಂಬ ಅಳುಕು ನನಗಿದೆ.

ಲೂಪ್‌ವಾಸಿ ಅವರ ಉತ್ತರ

ತುಂಗಾತೀರ ಅವರೆ, ನಿಮ್ಮ ತಂದೆ ಮತ್ತು ತಾಯಿ ಇಬ್ಬರ ಅಪೇಕ್ಷೆಯೂ ಒಂದೇ ಪ್ರಯಾಣದಲ್ಲಿ ಈಡೇರುತ್ತದೆ. ಹೊರಡುವ ಹೊತ್ತನ್ನು ಮಾತ್ರ ಎಚ್ಚರದಿಂದ ಆರಿಸಬೇಕು. ಸೆಪ್ಟೆಂಬರ್ ಮಧ್ಯದಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸಂಜೆ 7 ಗಂಟೆಯ ಆಸುಪಾಸಿನಲ್ಲಿ. ಒಂದೂವರೆ ಗಂಟೆಯ ವಿಹಾರವಾದರೆ ಸುಮಾರು 6 ಗಂಟೆಗೆ ಹೊರಡುವ ದೋಣಿಯನ್ನು ಹಿಡಿಯಿರಿ. ಮೊದಲ ಮುಕ್ಕಾಲು ಗಂಟೆ ಕಲ್ಲು, ಗಾಜು, ಉಕ್ಕು ಎಲ್ಲವೂ ಇಳಿಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ದಡ ಸೇರುವ ವೇಳೆಗೆ ಕಿಟಕಿಗಳಲ್ಲಿ ದೀಪ ಹತ್ತಿರುತ್ತದೆ, ಆದರೆ ಆಕಾಶ ಇನ್ನೂ ಪೂರ್ತಿ ಕಪ್ಪಾಗಿರುವುದಿಲ್ಲ. ಆ ಅರ್ಧ ಗಂಟೆಯಷ್ಟು ಚೆಲುವಾದ ಹೊತ್ತು ಈ ನಗರಕ್ಕೆ ದಿನದಲ್ಲಿ ಇನ್ನೊಂದಿಲ್ಲ.

ಇದಕ್ಕೆ ನದಿಯ ದಿಕ್ಕೂ ಕಾರಣ. ನದಿಯ ಮುಖ್ಯ ಹರಿವು ಮಿಷಿಗನ್ ಸರೋವರದಿಂದ ಪಶ್ಚಿಮಕ್ಕೆ ನೆಟ್ಟಗೆ ಸಾಗಿ, ವುಲ್ಫ್ ಪಾಯಿಂಟ್ ಎಂಬಲ್ಲಿ ಉತ್ತರ ಮತ್ತು ದಕ್ಷಿಣದ ಕವಲುಗಳನ್ನು ಕೂಡಿಕೊಳ್ಳುತ್ತದೆ. ಪಶ್ಚಿಮಕ್ಕೆ ಹೋಗುವಾಗ ಸೂರ್ಯ ಕಣ್ಣಿಗೆ ಎದುರಾಗಿರುತ್ತಾನೆ. ಪೂರ್ವಕ್ಕೆ ಮರಳುವಾಗ ಅದೇ ಬೆಳಕು ನಮ್ಮ ಬೆನ್ನ ಹಿಂದಿನಿಂದ ಹರಿದು ಎದುರಿನ ಕಟ್ಟಡಗಳ ಮೈಮೇಲೆ ಬೀಳುತ್ತದೆ. ಕವಲುಗಳು ಕೂಡುವ ತಿರುವಿನಲ್ಲಿ 333 ವೆಸ್ಟ್ ವ್ಯಾಕರ್ ಎಂಬ ಹಸಿರು ಗಾಜಿನ ಕಟ್ಟಡವಿದೆ, 1983ರದು. ನದಿ ಬಾಗಿದಂತೆಯೇ ಅದರ ಮುಂಭಾಗವೂ ಬಾಗಿದೆ. ಸಂಜೆ ಆ ಗಾಜಿನೊಳಗೆ ನೀರು, ಎದುರು ದಂಡೆ, ಮೋಡ ಎಲ್ಲವೂ ಮೂಡಿ, ದೋಣಿ ತಿರುಗಿದಂತೆ ಮೆಲ್ಲಗೆ ಜಾರುತ್ತ ಹೋಗುತ್ತವೆ. ಅಲ್ಲಿ ಛಾಯಾಚಿತ್ರ ತೆಗೆಯುವುದಕ್ಕಿಂತ ಸುಮ್ಮನೆ ನೋಡುವುದೇ ಲೇಸು.

ಪೂರ್ತಿ ಕತ್ತಲಾದ ಮೇಲೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಕತ್ತಲಲ್ಲಿ ಬಹುತೇಕ ಕಟ್ಟಡಗಳು ಬರಿಯ ಕಿಟಕಿಗಳ ಸಾಲಾಗಿ ಉಳಿಯುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ. ಇದಕ್ಕೆ ದೊಡ್ಡ ಅಪವಾದವೆಂದರೆ ಮಿಷಿಗನ್ ಅವೆನ್ಯೂ ಸೇತುವೆಯ ಪಕ್ಕದ ರಿಗ್ಲಿ ಕಟ್ಟಡ. 1920ರ ದಶಕದ ಆ ಕಟ್ಟಡಕ್ಕೆ ಹೊದಿಸಿರುವ ಟೆರಾಕೋಟಾ ಬಿಲ್ಲೆಗಳು ಒಂದೇ ಬಿಳಿಯವಲ್ಲ; ಕೆಳಗಿನಿಂದ ಮೇಲಕ್ಕೆ ಹೋದಂತೆ ಬಿಳುಪು ಹೆಚ್ಚುವಂತೆ ಆರು ಛಾಯೆಗಳಲ್ಲಿ ಸುಟ್ಟು ಮಾಡಿದವು. ರಾತ್ರಿ ದೀಪಗಳ ಬೆಳಕು ಬಿದ್ದಾಗ ತುದಿ ಹೊಳೆದು ನಿಲ್ಲುವುದು ಆ ಉಪಾಯದಿಂದ. 6 ಗಂಟೆಯ ದೋಣಿಯಿಂದ ಇಳಿದಾಗ ನಿಮ್ಮ ತಾಯಿಯವರಿಗೆ ಅದನ್ನು ತೋರಿಸಿ.

ಊಟದ ದೋಣಿಯ ವಿಚಾರಕ್ಕೆ ಬಂದರೆ, ಅದು ಮದುವೆಯ ವಾರ್ಷಿಕೋತ್ಸವಕ್ಕೆ ಚೆನ್ನ, ನಗರವನ್ನು ತಿಳಿಯುವುದಕ್ಕಲ್ಲ. ಶಿಕಾಗೋ ಆರ್ಕಿಟೆಕ್ಚರ್ ಸೆಂಟರ್ ನಡೆಸುವ ವಿಹಾರದಲ್ಲಿ ವಿವರಣೆ ನೀಡುವವರು ತರಬೇತಿ ಪಡೆದ ಸ್ವಯಂಸೇವಕರು. ಅವರು ಕಟ್ಟಡಗಳ ಮೇಲಿನ ಪ್ರೀತಿಯಿಂದ ಈ ಕೆಲಸಕ್ಕೆ ಬಂದವರು. ಆ ಪ್ರೀತಿ ಮಾತಿನಲ್ಲಿ ಕೇಳಿಸುತ್ತದೆ. ದೋಣಿ ಮಿಷಿಗನ್ ಅವೆನ್ಯೂ ಸೇತುವೆಯ ದಕ್ಷಿಣ ದಂಡೆಯಿಂದ ಹೊರಟು ಮೂರೂ ಕವಲುಗಳನ್ನು ತೋರಿಸುತ್ತದೆ. ಉತ್ತರ ದಂಡೆಯಿಂದಲೂ ಸರೋವರದ ದಡದ ನೇವಿ ಪಿಯರ್ ಕಟ್ಟೆಯಿಂದಲೂ ಬೇರೆ ಸಂಸ್ಥೆಗಳ ದೋಣಿಗಳಿವೆ. ಕೆಲವು ಜಲದ್ವಾರವನ್ನು ದಾಟಿ ಸರೋವರಕ್ಕೂ ಹೋಗುತ್ತವೆ. ಇಡೀ ನಗರವನ್ನು ದೂರದಿಂದ ಒಂದೇ ನೋಟದಲ್ಲಿ ಕಾಣಬೇಕೆಂದರೆ ಅದು ಸರೋವರದಿಂದಲೇ ಸಾಧ್ಯ. ಆದರೆ ಸೆಪ್ಟೆಂಬರ್ ಸಂಜೆ ಸರೋವರದ ಗಾಳಿ ಹಿರಿಯರಿಗೆ ಹಿತವಾಗಿರುವುದಿಲ್ಲ. ನದಿಯಲ್ಲೇ ಉಳಿಯುವ ದೋಣಿ ಸಾಕು.

ಉಕ್ಕಿನ ತೊಲೆ ಅವರ ಉತ್ತರ

ಲೂಪ್‌ವಾಸಿ ಅವರ ಮಾತಿಗೆ ನನ್ನ ಸಹಮತವಿದೆ. ನಾನು ಕಟ್ಟಡಗಳ ರಚನಾ ಎಂಜಿನಿಯರಿಂಗ್ ವೃತ್ತಿಯವನಾದ್ದರಿಂದ ತಂದೆಯವರಿಗಾಗಿ ಒಂದಿಷ್ಟು ಬರೆಯುತ್ತೇನೆ.

ಅವರು ಮೊದಲು ಸೇತುವೆಗಳನ್ನೇ ನೋಡಲಿ. ಪೇಟೆಯ ನಡುವಿನ ಬಹುತೇಕ ಸೇತುವೆಗಳು ಎರಡು ರೆಕ್ಕೆಗಳಾಗಿ ಮೇಲಕ್ಕೆ ತೆರೆದುಕೊಳ್ಳುವಂಥವು. ಪ್ರತಿ ರೆಕ್ಕೆಯ ಹಿಂಬದಿಗೆ, ರಸ್ತೆಯ ಕೆಳಗಿನ ಗುಂಡಿಯಲ್ಲಿ, ಭಾರಿ ಪ್ರತಿತೂಕ ಕಟ್ಟಿರುವುದರಿಂದ ಎತ್ತಲು ಬೇಕಾಗುವ ಮೋಟಾರು ಆ ಗಾತ್ರದ ಸೇತುವೆಗೆ ಅಚ್ಚರಿಯೆನಿಸುವಷ್ಟು ಚಿಕ್ಕದು. ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ ಹಾಯಿದೋಣಿಗಳು ಸರೋವರಕ್ಕೆ ಹೋಗಿಬರುವಾಗ ಇವು ಸಾಲಾಗಿ ತೆರೆಯುತ್ತವೆ. ಮಿಷಿಗನ್ ಅವೆನ್ಯೂ ಸೇತುವೆ 1920ರದು. ಈಗ ಅದಕ್ಕೆ ಈ ಜಾಗದ ಮೊದಲ ಶಾಶ್ವತ ವಲಸಿಗನಾದ ಡುಸೇಬಲ್‌ನ ಹೆಸರಿದೆ. ಅದರ ಒಂದು ಗೋಪುರದೊಳಗೆ ಸಣ್ಣ ಸಂಗ್ರಹಾಲಯವಿದ್ದು, ತೆರೆದಿದ್ದರೆ ಹಲ್ಲುಚಕ್ರಗಳನ್ನು ಹತ್ತಿರದಿಂದ ನೋಡಬಹುದು. ದೋಣಿ ಸೇತುವೆಗಳಡಿ ನುಸುಳುವಾಗ ತಲೆಯ ಮೇಲಿನ ಉಕ್ಕಿನ ಜಾಲರಿಯ ಮೇಲೆ ವಾಹನಗಳ ಚಕ್ರಗಳು ಒಂದೇ ಸಮನೆ ಗುಂಯ್ಗುಡುತ್ತವೆ. ರಿವೆಟ್ಟುಗಳನ್ನು ಎಣಿಸಬಹುದಾದಷ್ಟು ಹತ್ತಿರದಲ್ಲಿ ತೊಲೆಗಳು ಹಾದುಹೋಗುತ್ತವೆ. ನಿಮ್ಮ ತಂದೆಯವರು ಅಲ್ಲಿ ತಲೆಯೆತ್ತಿಯೇ ಕುಳಿತಿರುತ್ತಾರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ದಕ್ಷಿಣ ಕವಲಿಗೆ ತಿರುಗಿದ ಮೇಲೆ ಕಾಣುವ ವಿಲ್ಲಿಸ್ ಗೋಪುರದ ಬಗ್ಗೆ ಅವರಿಗೆ ಮೊದಲೇ ಹೇಳಿಡಿ. 442 ಮೀಟರ್ ಎತ್ತರದ ಈ ಕಟ್ಟಡ 1998ರವರೆಗೆ ಜಗತ್ತಿನಲ್ಲೇ ಅತ್ಯಂತ ಎತ್ತರದ್ದಾಗಿತ್ತು. ಇದರ ರಚನೆಯನ್ನು ರೂಪಿಸಿದವರು 1929ರಲ್ಲಿ ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್. ಅವರ ಯುಕ್ತಿಯನ್ನು ದೋಣಿಯಿಂದಲೇ ಓದಬಹುದು: ಕಟ್ಟಡವೆಂದರೆ ಅಲ್ಲಿ ಮೂರು ಸಾಲಿನಲ್ಲಿ ಒತ್ತಾಗಿ ನಿಲ್ಲಿಸಿದ ಒಂಬತ್ತು ಚೌಕ ಕೊಳವೆಗಳು. ಎರಡು ಕೊಳವೆಗಳು 50ನೇ ಅಂತಸ್ತಿನಲ್ಲಿ, ಇನ್ನೆರಡು 66ರಲ್ಲಿ, ಮೂರು 90ರಲ್ಲಿ ನಿಲ್ಲುತ್ತವೆ. ಉಳಿದೆರಡೇ ತುದಿಯವರೆಗೆ ಏರುತ್ತವೆ. ಎತ್ತರದ ಕಟ್ಟಡಕ್ಕೆ ತನ್ನ ತೂಕಕ್ಕಿಂತ ಗಾಳಿಯ ತಳ್ಳುವಿಕೆಯೇ ದೊಡ್ಡ ಸವಾಲು. ಹೊರಗೋಡೆಯ ಕಂಬಗಳನ್ನು ಹತ್ತಿರ ಹತ್ತಿರ ಇಟ್ಟು ಇಡೀ ಹೊರಮೈಯನ್ನೇ ಗಟ್ಟಿ ಕೊಳವೆಯಂತೆ ದುಡಿಸಿದರೆ ಕಡಿಮೆ ಉಕ್ಕಿನಲ್ಲಿ ಹೆಚ್ಚು ಎತ್ತರ ಸಾಧ್ಯವೆಂದು ತೋರಿಸಿಕೊಟ್ಟವರು ಖಾನ್. ಇಂದು ಎಲ್ಲಿ ಎತ್ತರದ ಕಟ್ಟಡ ಎದ್ದರೂ ಅದರಲ್ಲಿ ಅವರ ವಿಚಾರದ ಒಂದಂಶ ಇದ್ದೇ ಇರುತ್ತದೆ. ನಮ್ಮ ಉಪಖಂಡದಲ್ಲಿ ಹುಟ್ಟಿದ ಒಬ್ಬ ಎಂಜಿನಿಯರ್ ಈ ನಗರದ ಆಕಾಶರೇಖೆಯನ್ನೇ ಬರೆದರೆಂಬುದು ನನಗೆ ಪ್ರತಿಸಲವೂ ಹೆಮ್ಮೆ ತರುವ ಸಂಗತಿ.

ಇನ್ನೊಂದನ್ನು ತಪ್ಪಿಸಿಕೊಳ್ಳಬೇಡಿ. ಕವಲುಗಳು ಕೂಡುವಲ್ಲಿಗೆ ಸಮೀಪದಲ್ಲಿರುವ 150 ನಾರ್ತ್ ರಿವರ್‌ಸೈಡ್ 2017ರ ಕಟ್ಟಡ. ಒಂದು ಬದಿಗೆ ರೈಲುಹಳಿ, ಇನ್ನೊಂದು ಬದಿಗೆ ನದಿ. ನಡುವೆ ಸಿಕ್ಕ ಕಿರಿದಾದ ಜಾಗದಲ್ಲಿ 12 ಮೀಟರ್ ಅಗಲದ ಬುಡದ ಮೇಲೆ 54 ಅಂತಸ್ತುಗಳನ್ನು ನಿಲ್ಲಿಸಿದ್ದಾರೆ. ಗಾಳಿಗೆ ಕಟ್ಟಡ ತೂಗಿದಾಗ ಅದನ್ನು ತಡೆಯಲು ಮೇಲ್ಭಾಗದಲ್ಲಿ ನೀರಿನ ತೊಟ್ಟಿಗಳಿವೆ. ನೀರು ತೂಗಾಟಕ್ಕೆ ಎದುರಾಗಿ ಹೊಯ್ದಾಡಿ ಅದನ್ನು ಶಮನಗೊಳಿಸುತ್ತದೆ.

ಅರೋರಾದ ಅಕ್ಕ ಅವರ ಉತ್ತರ

ತುಂಗಾತೀರ, ತಾಯಿಯವರ ಬಗ್ಗೆ ನೀವು ಪಡುವ ಅಳುಕು ನನಗೆ ಚೆನ್ನಾಗಿ ತಿಳಿಯುತ್ತದೆ. ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗುವಾಗ ನನಗೂ ಅದೇ ಯೋಚನೆಯಿತ್ತು. ದೋಣಿಯಲ್ಲಿ ಕುಳಿತು ಸಾಲುಸಾಲಿಗೆ ಅನುವಾದ ಮಾಡಲು ಹೋಗಬೇಡಿ. ಅಕ್ಕಪಕ್ಕದವರಿಗೆ ತೊಂದರೆಯಾಗುತ್ತದೆ, ಅದಲ್ಲದೆ ನೀವು ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಕಟ್ಟಡ ಹಿಂದೆ ಸರಿದಿರುತ್ತದೆ. ಹಿಂದಿನ ದಿನ ರಾತ್ರಿ ಊಟವಾದ ಮೇಲೆ ನಾಲ್ಕೈದು ಕಥೆಗಳನ್ನು ಕನ್ನಡದಲ್ಲಿ ಸಾವಕಾಶವಾಗಿ ಹೇಳಿಬಿಡಿ. ದೋಣಿಯಲ್ಲಿ ಬೆರಳು ತೋರಿಸಿದರೆ ಸಾಕು, ಅವರಿಗೆ ಗುರುತು ಹತ್ತುತ್ತದೆ.

ನಾನಾಗಿದ್ದರೆ ಮೊದಲು ನದಿಯದೇ ಕಥೆ ಹೇಳುತ್ತೇನೆ. 1871ರ ಅಕ್ಟೋಬರ್‌ನಲ್ಲಿ ಬೆಂಕಿ ಹೊತ್ತಿ ನಗರದ ನಡುಭಾಗ ಸುಟ್ಟುಹೋಯಿತು. ಈಗ ಕಾಣುವ ಶಿಕಾಗೋ ಆ ಬೂದಿಯ ಮೇಲೆ ಎದ್ದದ್ದು. ಆಗ ಊರಿನ ಕೊಳಚೆಯೆಲ್ಲ ನದಿಯ ಮೂಲಕ ಮಿಷಿಗನ್ ಸರೋವರ ಸೇರುತ್ತಿತ್ತು, ಕುಡಿಯುವ ನೀರು ಬರುತ್ತಿದ್ದುದೂ ಅದೇ ಸರೋವರದಿಂದ. ಕೊನೆಗೆ ಸುಮಾರು 45 ಕಿಲೋಮೀಟರ್ ಉದ್ದದ ಕಾಲುವೆ ತೋಡಿ, 1900ರಲ್ಲಿ ನದಿಯ ಹರಿವನ್ನೇ ತಿರುಗಿಸಿದರು. ಸರೋವರಕ್ಕೆ ಹರಿಯುತ್ತಿದ್ದ ನದಿ ಅಂದಿನಿಂದ ಸರೋವರದಿಂದ ಹೊರಕ್ಕೆ ಹರಿದು ಮಿಸಿಸಿಪ್ಪಿಯನ್ನು ಸೇರುತ್ತಿದೆ. ಮಕ್ಕಳಿಗೆ ಭೂಗೋಳ ಕಲಿಸಿದ ತಾಯಿಯವರಿಗೆ ಇದಕ್ಕಿಂತ ರುಚಿಸುವ ವಿಷಯ ಬೇರೆ ಬೇಕೆ?

ಬಳಿಕ ಮರೀನಾ ಸಿಟಿ. ಮುಸುಕಿನ ಜೋಳದ ತೆನೆಗಳೆಂದೇ ಊರವರು ಕರೆಯುವ ಜೋಡಿ ಗೋಪುರಗಳು. 1960ರ ದಶಕದಲ್ಲಿ ಬರ್ಟ್ರಂಡ್ ಗೋಲ್ಡ್‌ಬರ್ಗ್ ರೂಪಿಸಿದವು. ಕೆಳಗಿನ 19 ಅಂತಸ್ತುಗಳಲ್ಲಿ ಕಾರುಗಳು ಸುರುಳಿಯಾಗಿ ಅಂಚಿಗೇ ನಿಂತಿರುತ್ತವೆ, ಮೇಲೆ ಮನೆಗಳು. ನಮ್ಮ ಅತ್ತೆಯವರು ಕಾರುಗಳನ್ನು ನೋಡಿ ಕೆಳಗೆ ಬೀಳುವುದಿಲ್ಲವೇ ಎಂದು ಎರಡೆರಡು ಸಲ ಕೇಳಿದರು. ಸಂಜೆ ಒಂದೊಂದು ಬಾಲ್ಕನಿಯಲ್ಲೂ ಜನ ಬಂದು ಕುಳಿತಿರುತ್ತಾರೆ. ಕಚೇರಿಗಳ ನಡುವೆ ಸಂಸಾರಗಳೂ ಇವೆಯೆಂದು ಅದರಿಂದಲೇ ತಿಳಿಯುತ್ತದೆ. ಸರೋವರದ ಕಡೆಗೆ ಬಂದಾಗ ಕಾಣುವ ಸೇಂಟ್ ರೀಜಿಸ್ ಗೋಪುರವನ್ನು ವಿನ್ಯಾಸಗೊಳಿಸಿದವರು ಜೀನ್ ಗ್ಯಾಂಗ್. ಮಹಿಳೆಯೊಬ್ಬರು ವಿನ್ಯಾಸಗೊಳಿಸಿದ ಕಟ್ಟಡಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದೆಂಬ ಹೆಸರು ಅದಕ್ಕಿದೆ.

ಕ್ಲಾರ್ಕ್ ಮತ್ತು ಲಸಾಲ್ ಬೀದಿಗಳ ನಡುವಿನ ದಂಡೆಯಲ್ಲಿ 1915ರ ಜುಲೈ 24ರಂದು ಈಸ್ಟ್‌ಲ್ಯಾಂಡ್ ಎಂಬ ಹಡಗು ದಡಕ್ಕೆ ಕಟ್ಟಿದ್ದಂತೆಯೇ ಮಗುಚಿತು. ಕಾರ್ಖಾನೆಯ ಕೆಲಸಗಾರರು ಮಕ್ಕಳುಮರಿಗಳೊಂದಿಗೆ ವಿಹಾರಕ್ಕೆ ಹೊರಟಿದ್ದರು. 844 ಜನ ತೀರಿಹೋದರು. ಈ ವಿಷಯ ಹೇಳಬೇಕೋ ಬೇಡವೋ ನೀವು ಯೋಚಿಸಿ. ನನಗಂತೂ ಅದನ್ನು ತಿಳಿಯದೆ ಆ ಜಾಗವನ್ನು ದಾಟಬಾರದು ಎನ್ನಿಸುತ್ತದೆ.

ತುಂಗಾತೀರ ಅವರ ಪ್ರತಿಕ್ರಿಯೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. 6 ಗಂಟೆಯ ಆಸುಪಾಸಿನ, ವಿವರಣೆಯಿರುವ ದೋಣಿಯನ್ನೇ ವಾರದ ನಡುವಿನ ಒಂದು ದಿನಕ್ಕೆ ಕಾದಿರಿಸುತ್ತೇವೆ. ಖಾನ್ ಅವರ ವಿಷಯವನ್ನು ತಂದೆಯವರಿಗೆ ಫೋನಿನಲ್ಲಿ ಹೇಳಿದೆ. ಒಂಬತ್ತು ಕೊಳವೆಗಳ ನಕ್ಷೆಯನ್ನು ಕಾಗದದ ಮೇಲೆ ಬರೆದು ಈಗಾಗಲೇ ವಾಟ್ಸಾಪ್‌ನಲ್ಲಿ ಕಳುಹಿಸಿದ್ದಾರೆ. ಇನ್ನುಳಿದದ್ದು ತಾಯಿಯವರ ಮಂಡಿಯ ಪ್ರಶ್ನೆ. ದೋಣಿ ಹತ್ತುವಲ್ಲಿ ಮೆಟ್ಟಿಲುಗಳು ಎಷ್ಟಿವೆ? ಮೇಲಿನ ಅಟ್ಟಕ್ಕೆ ಹತ್ತಲಾಗದಿದ್ದರೆ ಏನೂ ಕಾಣುವುದಿಲ್ಲವೇ?

ಲೂಪ್‌ವಾಸಿ ಅವರ ಉತ್ತರ

ರಸ್ತೆಯ ಮಟ್ಟದಿಂದ ನದಿದಂಡೆಯ ರಿವರ್‌ವಾಕ್‌ಗೆ ಇಳಿಯುವ ಹತ್ತಿರದ ದಾರಿಯಲ್ಲಿ ಮೆಟ್ಟಿಲುಗಳೇ ಇವೆ. ಟಿಕೆಟ್ ಕಾದಿರಿಸುವಾಗಲೇ ಮೆಟ್ಟಿಲಿಲ್ಲದ ದಾರಿ ಯಾವುದೆಂದು ಕೇಳಿಕೊಂಡು, ತಾಯಿಯವರನ್ನು ಆ ದಾರಿಯ ಬುಡಕ್ಕೇ ಟ್ಯಾಕ್ಸಿಯಲ್ಲಿ ಕರೆದೊಯ್ಯಿರಿ. ನೇಪರ್‌ವಿಲ್‌ನಿಂದ ಮೆಟ್ರಾ ರೈಲಿನಲ್ಲಿ ಬಂದರೆ ಯೂನಿಯನ್ ಸ್ಟೇಷನ್‌ನಲ್ಲಿ ಇಳಿಯುತ್ತೀರಿ. ಅಲ್ಲಿಂದ ದೋಣಿಕಟ್ಟೆ ಅವರು ನಡೆಯುವಷ್ಟು ಹತ್ತಿರವಲ್ಲ. ಮರಳುವ ರೈಲಿನ ವೇಳೆಯನ್ನು ಮೊದಲೇ ನೋಡಿಟ್ಟುಕೊಳ್ಳಿ.

ಮೇಲಿನ ಅಟ್ಟ ತೆರೆದದ್ದು, ನೋಟಕ್ಕೆ ಅದೇ ಉತ್ತಮ. ಆದರೆ ಕೆಳಗಿನ ಅಂತಸ್ತಿನಲ್ಲಿ ಕಿಟಕಿಗಳಿರುವ ಒಳಾಂಗಣವಿದ್ದು, ಚಳಿ ತಾಳದವರು ಅಲ್ಲಿ ಬೆಚ್ಚಗೆ ಕುಳಿತು ನೋಡಬಹುದು. ಮೇಲಕ್ಕೆ ಹತ್ತಲು ಸಾಧ್ಯವಾದರೆ ಅರ್ಧ ಗಂಟೆ ಮುಂಚೆಯೇ ಹೋಗಿ ಸಾಲಿನಲ್ಲಿ ನಿಲ್ಲಿ. ಮಳೆ ಬಂದರೂ ದೋಣಿಗಳು ಸಾಮಾನ್ಯವಾಗಿ ಹೊರಡುತ್ತವೆ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಕಾಣದಾದ್ದರಿಂದ ಟೊಪ್ಪಿಗೆಯಿರುವ ಮಳೆಯಂಗಿ ಒಯ್ಯಿರಿ. ಮಳೆಯಿಲ್ಲದಿದ್ದರೂ ಸೂರ್ಯ ಮುಳುಗಿದ ಕೂಡಲೇ ನೀರಿನ ಮೇಲೆ ತಂಪು ಏರುವುದರಿಂದ, ತಾಯಿಯವರಿಗೆ ಸ್ವೆಟರ್ ಜೊತೆಗೆ ಕಿವಿ ಮುಚ್ಚುವಂತೆ ಒಂದು ಶಾಲು ಇರಲಿ.