ಕೂಲರ್ ಒಳಗೆ ಕಣಜ ಗೂಡು ಕಟ್ಟಿದೆ, ಸುಡದೆ ತೆಗೆಯೋದು ಹೇಗೆ?

ಪರಸಿಮನೆ, ಕಲಬುರಗಿ

ನಮ್ಮದು ಬ್ರಹ್ಮಪುರದ ಹಳೆಯ ಮನೆ. ಗೋಡೆ, ನೆಲ, ಸಜ್ಜಾ ಎಲ್ಲ ಶಹಾಬಾದ್ ಕಲ್ಲು. ದೀಪಾವಳಿ ಆದ ಮೇಲೆ ಕೂಲರ್‌ಗೆ ಹಳೇ ಸೀರೆ ಹೊದಿಸಿ ಹಿತ್ತಲ ಕಿಟಕಿಯಲ್ಲೇ ಬಿಟ್ಟಿದ್ದೆವು. ಶಿವರಾತ್ರಿ ಮುಗಿಯಿತು, ಬಿಸಿಲು ಏರಿತು. ನಿನ್ನೆ ಸೀರೆ ತೆಗೆದರೆ ಜಾಲಿಯಿಂದ ಎರಡು-ಮೂರು ಕಣಜ ಹೊರಗೆ ಬಂದವು. ಸಂಜೆ ದೂರದಿಂದ ಟಾರ್ಚ್ ಬಿಟ್ಟು ನೋಡಿದೆ. ಮೋಟಾರ್ ಕೂರಿಸಿದ ಪಟ್ಟಿಗೆ ಅಂಗೈ ಅಗಲದ ಬೂದು ಗೂಡು ನೇತಾಡುತ್ತಿದೆ. ಖಾನೆಗಳ ಬಾಯಿ ಕೆಳಗೆ, ಕೆಲವಕ್ಕೆ ಬಿಳಿ ಮುಚ್ಚಳ. ಅದರ ಮೇಲೆಲ್ಲ ಹುಳ.

ನಮ್ಮ ಮನೆಯವರು ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆ ಹಾಕಿ ಸುಟ್ಟುಬಿಡೋಣ ಅಂತಾರೆ. ಪಕ್ಕದಲ್ಲೇ ಅಡುಗೆಮನೆ, ಸಿಲಿಂಡರ್ ಕೂಡ ಅಲ್ಲೇ. ನನಗೆ ಭಯ. ಮನೆಯಲ್ಲಿ ಚಿಕ್ಕ ಮಗ ಇದ್ದಾನೆ, ಅತ್ತೆಗೆ ದಮ್ಮು ಇದೆ.

ಇನ್ನೂ ಎರಡು ಗೂಡು ಇವೆ. ದೇವರ ಜಗಲಿ ಮೇಲಿನ ಗೋಡೆಗೆ ಮಣ್ಣಿನ ಗೂಡು ಅಂಟಿದೆ. ಅದನ್ನು ಮುಟ್ಟಬೇಡ ಅಂತ ಅತ್ತೆ ಹೇಳುತ್ತಾರೆ. ಮಾಳಿಗೆ ಮೆಟ್ಟಿಲ ಹತ್ತಿರ ಕಲ್ಲಿನ ಸಂದಿಯಲ್ಲಿ ದೊಡ್ಡ ಕೆಂಪು-ಕಂದು ಹುಳ ಹೋಗಿಬಂದು ಮಾಡುತ್ತವೆ, ಹೊಟ್ಟೆಯ ಮೇಲೆ ಹಳದಿ ಪಟ್ಟೆ. ಸಂದಿಗೆ ಸಿಮೆಂಟ್ ಮೆತ್ತಿದರೆ ಸಾಕಾ? ಚಳಿಗಾಲದ ತನಕ ಕಾಯಿರಿ, ತಾವೇ ಸಾಯುತ್ತವೆ ಅಂತ ಇಂಟರ್ನೆಟ್‌ನಲ್ಲಿ ಓದಿದೆ. ಅಲ್ಲಿಯ ತನಕ ಕೂಲರ್ ಇಲ್ಲದೆ ಇರೋಕೆ ಆಗುತ್ತಾ ನಮ್ಮೂರಲ್ಲಿ?

ಆಳಂದ ರೈತ

ಬೇವಿನ ಸೊಪ್ಪಿನ ಹೊಗೆ ಹಾಕಿ. ಹಾರಿ ಹೋಗುತ್ತವೆ. ಕಣಜವನ್ನು ಕೊಲ್ಲೋದು ನನಗೆ ಮನಸ್ಸಿಗೆ ಬರೋದಿಲ್ಲ. ತೊಗರಿ ಹೊಲದಲ್ಲಿ ಹುಳು ಹಿಡಿದು ತಿನ್ನೋದನ್ನು ನಾನೇ ನೋಡಿದ್ದೇನೆ.

ಕೂಲರ್ ಮಿಸ್ತ್ರಿ, ಸೇಡಂ ರಸ್ತೆ

ಅಕ್ಕಾ, ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಯಾರಾದರೂ ಮರೆತು ಫ್ಯಾನ್ ಹಚ್ಚಿದರೆ ಸಿಟ್ಟಿಗೆದ್ದ ಹುಳ ಸೀದಾ ಕೋಣೆಯೊಳಗೆ ಬರುತ್ತವೆ. ಕೋಣೆ ಕಡೆಯ ಗಾಳಿ ಬಾಯಿಗೆ ದಪ್ಪ ಚಾದರ ಮುಚ್ಚಿ ಸುತ್ತಲೂ ಟೇಪ್ ಹಚ್ಚಿ.

ಬೆಂಕಿ ಮಾತ್ರ ಬೇಡವೇ ಬೇಡ. ಕೂಲರ್‌ನ ಮೂರೂ ಕಡೆ ಇರೋದು ಹುಲ್ಲು. ಚಳಿಗಾಲ ಪೂರ್ತಿ ಒಣಗಿದ ಹುಲ್ಲಿಗೆ ಕಿಡಿ ತಾಕಿದರೆ ಆರಿಸೋಕೆ ಟೈಮ್ ಸಿಗೋದಿಲ್ಲ. ಅಂಥದ್ದರಲ್ಲಿ ಸಿಲಿಂಡರ್ ಪಕ್ಕದಲ್ಲೇ ಅಂತೀರಿ. ಮನೆಯವರಿಗೆ ಇದನ್ನು ಓದಿ ಹೇಳಿ. ಹೊಗೆಯಿಂದಲೂ ಕೆಲಸ ಆಗೋದಿಲ್ಲ. ಬಿಳಿ ಮುಚ್ಚಳದ ಖಾನೆಯಲ್ಲಿ ಮರಿ ಇವೆ. ಮರಿ ಇರುವ ತನಕ ತಾಯಂದಿರು ತಿರುಗಿ ಬರುತ್ತವೆ. ಮತ್ತೆ ಅತ್ತೆಯವರ ದಮ್ಮಿಗೆ ಹೊಗೆ ಒಳ್ಳೆಯದಲ್ಲ. ಹುಳ ಕೊಲ್ಲುವ ಸ್ಪ್ರೇ ಕೂಡ ಕೂಲರ್ ಒಳಗೆ ಹೊಡೆಯಬೇಡಿ. ಹುಲ್ಲಿಗೆ, ತಗಡಿಗೆ ಅಂಟಿದ ಔಷಧಿಯನ್ನು ಅದೇ ಫ್ಯಾನ್ ಆಮೇಲೆ ನಿಮ್ಮ ಮುಖಕ್ಕೆ ಊದುತ್ತದೆ.

ನಾನು ಬಳಸೋದು ಸೋಪಿನ ನೀರು. ಒಂದು ಲೀಟರ್ ನೀರಿಗೆ ಎರಡು-ಮೂರು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಗಿಡಕ್ಕೆ ಹೊಡೆಯುವ ಕೈಪಂಪು ಇರುತ್ತಲ್ಲ, ಅದರಲ್ಲಿ ತುಂಬಿ. ಧಾರೆ ದಪ್ಪ ಬರುವ ಹಾಗೆ ಮೂತಿ ತಿರುಗಿಸಿ. ಬರೀ ನೀರು ಹುಳದ ಮೈಮೇಲಿಂದ ಜಾರಿಹೋಗುತ್ತದೆ. ಸೋಪು ಸೇರಿದರೆ ಮೈಪಕ್ಕದ ಉಸಿರಿನ ತೂತಿಗೆ ನೀರು ಇಳಿಯುತ್ತದೆ, ಹಾರೋಕೂ ಆಗದೆ ಅಲ್ಲೇ ಬೀಳುತ್ತವೆ.

ರಾತ್ರಿ ಹತ್ತರ ಮೇಲೆ ಮಾಡಿ, ಇಲ್ಲವೇ ನಸುಕಿನಲ್ಲಿ. ಆಗ ಎಲ್ಲ ಗೂಡಿನ ಮೇಲೇ ಕೂತಿರುತ್ತವೆ. ಟಾರ್ಚ್‌ಗೆ ಕೆಂಪು ಬೇಗಡೆ ಕಾಗದ ಕಟ್ಟಿ. ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣೋದಿಲ್ಲ, ಬಿಳಿ ಬೆಳಕಿಗೆ ನೇರ ಕೈಮೇಲೆ ಬರುತ್ತವೆ. ದಪ್ಪ ಪ್ಯಾಂಟು ಸಾಕ್ಸ್ ಒಳಗೆ, ತುಂಬು ತೋಳಿನ ಅಂಗಿ, ಗಾಜು ಇಳಿಸಿದ ಹೆಲ್ಮೆಟ್, ಕುತ್ತಿಗೆಗೆ ಟವೆಲ್. ಸೊಂಟ ಬಗ್ಗಿಸಿ ಇಣುಕಿ ನಿಲ್ಲಬೇಡಿ. ಹಿಂದಕ್ಕೆ ಓಡೋಕೆ ದಾರಿ ಖಾಲಿ ಇರಲಿ, ಬಕೆಟ್-ಚೊಂಬು ಎಲ್ಲ ಮೊದಲೇ ಸರಿಸಿಡಿ. ಹುಳವನ್ನು ಚಪ್ಪಲಿಯಿಂದ ಜಜ್ಜಬೇಡಿ. ಜಜ್ಜಿದರೆ ಅದರ ಮೈಯಿಂದ ಬರುವ ವಾಸನೆಗೆ ಉಳಿದವೂ ಎದ್ದು ಬರುತ್ತವೆ.

ಎಲ್ಲ ಬಿದ್ದ ಮೇಲೂ ಬೆಳಗಿನ ತನಕ ಕಾಯಿರಿ. ಆಮೇಲೆ ಗೂಡು ಕೀಳಿ. ಇಷ್ಟು ದೊಡ್ಡ ಗೂಡು ಸಣ್ಣದೊಂದು ಕಪ್ಪು ಕಾಂಡದ ಮೇಲೆ ನಿಂತಿರುತ್ತದೆ. ಇರುವೆ ಹತ್ತದ ಹಾಗೆ ಅದಕ್ಕೆ ಲೇಪ ಬಳಿದಿರುತ್ತವೆ, ಮುಟ್ಟಿದರೆ ಗಟ್ಟಿ, ಹೊಳಪು. ಆ ಕಾಂಡವನ್ನು ಬುಡದ ತನಕ ಕೆರೆದು, ಸೋಪು ಹಾಕಿ ಉಜ್ಜಿ ತೊಳೆಯಿರಿ. ಬಿಟ್ಟರೆ ಅದೇ ಜಾಗಕ್ಕೆ ಮತ್ತೆ ಬರುತ್ತವೆ. ಹಳೆ ಹುಲ್ಲು ಬಿಸಾಡಿ ಹೊಸದು ಹಾಕಿಸಿ. ಮೋಟಾರ್ ನೆನೆದಿದ್ದರೆ ಒಂದಿಡೀ ದಿನ ಬಿಸಿಲಿಗೆ ಬಿಡಿ, ಆಮೇಲೆ ಪ್ಲಗ್ ಹಾಕಿ. ಹಾಗೇ ಅರ್ಥಿಂಗ್ ಇದೆಯಾ ನೋಡಿಸಿ. ಕಬ್ಬಿಣದ ಕೂಲರ್‌ಗೆ ಅರ್ಥಿಂಗ್ ಇಲ್ಲದಿದ್ದರೆ ಕಣಜಕ್ಕಿಂತ ಅದೇ ದೊಡ್ಡ ಅಪಾಯ. ಮನೆಯಲ್ಲಿ ಮಗು ಇದೆ ಅಂದಿರಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಮನೆಯಲ್ಲಿ ಯಾರಿಗಾದರೂ ಮೊದಲು ಹುಳ ಕಡಿದು ಮೈಯೆಲ್ಲ ದದ್ದು ಎದ್ದಿದ್ದರೆ ಅವರು ಈ ಕೆಲಸಕ್ಕೆ ಕೈ ಹಾಕಬಾರದು.

ವಿಜ್ಞಾನ ಮಾಸ್ತರ್, ಯಾದಗಿರಿ

ಮಿಸ್ತ್ರಿಯವರು ಸರಿಯಾಗಿ ಹೇಳಿದ್ದಾರೆ. ಉಳಿದ ಎರಡರ ಬಗ್ಗೆ ನಾನು ಹೇಳುತ್ತೇನೆ.

ಜಗಲಿ ಮೇಲಿನದು ಕುಂಬಾರ ಹುಳದ ಗೂಡು. ಅತ್ತೆಯವರ ಮಾತು ಕೇಳಿ, ಬಿಟ್ಟುಬಿಡಿ. ಅದು ಒಂಟಿ ಹುಳ, ಗೂಡು ಕಾಯುತ್ತಾ ಕೂರುವುದಿಲ್ಲ. ಕೈಯಲ್ಲಿ ಹಿಡಿದು ಅದುಮಿದರೆ ಹೊರತು ಚುಚ್ಚುವುದು ಅಪರೂಪ. ಹುಳು ಹಿಡಿದು ತಂದು ಕುಟ್ಟಿ ಕುಟ್ಟಿ ತನ್ನ ಹಾಗೇ ಮಾಡಿಕೊಳ್ಳುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ, ಕೀಡಿ-ಕುಂಡಲಿ, ಅದು ಇದೇ. ನಿಜದಲ್ಲಿ ನಡೆಯುವುದೇ ಬೇರೆ. ತಾಯಿ ಜೇಡವನ್ನೋ ಕಂಬಳಿಹುಳುವನ್ನೋ ಚುಚ್ಚಿ ಅಲುಗಾಡದ ಹಾಗೆ ಮಾಡಿ ಒಳಗೆ ತುಂಬುತ್ತದೆ, ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಮರಿ ಅದನ್ನು ತಿಂದು ಬೆಳೆಯುತ್ತದೆ. ಒಮ್ಮೆ ನಮ್ಮ ಶಾಲೆಯ ಕಿಟಕಿಯಿಂದ ಬಿದ್ದ ಗೂಡನ್ನು ಮಕ್ಕಳ ಮುಂದೆ ಒಡೆದೆ. ಒಂದು ಕೋಣೆಯಲ್ಲಿ ಹಸಿರು, ಬೂದು, ಪಟ್ಟೆ ಪಟ್ಟೆ ಸಣ್ಣ ಜೇಡಗಳು ಒತ್ತೊತ್ತಾಗಿ ತುಂಬಿದ್ದವು, ಒಂದರ ಕಾಲು ಇನ್ನೂ ಅದುರುತ್ತಿತ್ತು. ನಿಮ್ಮ ಗೂಡಿನಲ್ಲಿ ದುಂಡನೆಯ ತೂತು ಕಂಡರೆ ಮರಿ ಹಾರಿಹೋಗಿದೆ ಅಂತ ಅರ್ಥ. ಆಗ ಚಾಕುವಿನಿಂದ ಎಬ್ಬಿಸಿ ತೆಗೆಯಬಹುದು.

ಮೆಟ್ಟಿಲ ಸಂದಿಯದು ಬೇರೆ ವಿಷಯ. ನೀವು ಹೇಳಿದ ಗುರುತು ದೊಡ್ಡ ಕಣಜದ್ದು. ಗೋಡೆಯೊಳಗೆ ಗೂಡು ಎಷ್ಟು ದೊಡ್ಡದಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಸಿಮೆಂಟ್ ಹಾಕಿದರೆ ಅವು ಇನ್ನೊಂದು ಸಂದಿ ಹುಡುಕುತ್ತವೆ. ಕಲ್ಲುಗೋಡೆಯ ಮನೆಯಲ್ಲಿ ಆ ಸಂದಿ ಪಡಸಾಲೆ ಒಳಗೇ ತೆರೆಯಬಹುದು. ಇದಕ್ಕೆ ಸೋಪಿನ ನೀರು ಸಾಲದು. ದುಡ್ಡು ಹೋದರೂ ಸರಿ, ಪೂರ್ತಿ ಮೈ ಮುಚ್ಚುವ ಬಟ್ಟೆ ಇರುವ ಪೆಸ್ಟ್ ಕಂಟ್ರೋಲ್‌ನವರನ್ನೇ ಕರೆಸಿ. ಹುಳ ಪೂರ್ತಿ ಸತ್ತ ಮೇಲೆ ಸಂದಿ ಮುಚ್ಚಿಸಿ.

ಚಳಿಗಾಲ ಕಾಯುವುದು ಹಿಮ ಬೀಳುವ ದೇಶದ ಲೆಕ್ಕ. ಅಲ್ಲಿ ಹೊಸ ರಾಣಿಗಳು ಬಿಟ್ಟರೆ ಉಳಿದ ಕಣಜ ಸಾಯುತ್ತವೆ. ನಮ್ಮ ಕಡೆ ಹಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಶಕಗಟ್ಟಲೆ ಅಧ್ಯಯನ ಮಾಡಿದ ರೋಪಾಲಿಡಿಯಾ ಮಾರ್ಜಿನೇಟಾ ಇಂಥದ್ದೇ ಕಾಗದದ ಗೂಡಿನ ಕಣಜ. ಅದು ವರ್ಷದ ಯಾವ ತಿಂಗಳಲ್ಲಾದರೂ ಗೂಡು ಶುರು ಮಾಡುತ್ತದೆ.

ನರ್ಸ್, ಬೀದರ್

ಕಡಿದರೆ ಏನು ಮಾಡಬೇಕು ಅಂತ ಯಾರೂ ಬರೆದಿಲ್ಲ. ಜೇನಿನ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಅದನ್ನು ತಡಮಾಡದೆ ತೆಗೆಯಿರಿ. ಕಣಜದ ಮುಳ್ಳು ಉಳಿಯೋದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚುತ್ತದೆ. ಸೋಪಿನಲ್ಲಿ ತೊಳೆದು ಐಸ್ ಇಡಿ. ಕೈಗೆ ಕಡಿದರೆ ಬಾವು ಬರುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಸುಣ್ಣ, ಸೀಮೆಎಣ್ಣೆ ಹಚ್ಚಬೇಡಿ, ಚರ್ಮ ಸುಡುತ್ತದೆ.

ಉಸಿರು ಕಟ್ಟಿದರೆ, ತುಟಿ-ನಾಲಿಗೆ ಊದಿದರೆ, ಮೈತುಂಬ ದದ್ದು ಎದ್ದರೆ, ತಲೆ ಸುತ್ತಿ ಬಿದ್ದರೆ ಒಂದು ನಿಮಿಷವೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಅಂಥವರಿಗೆ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಬೇಕು, ಮನೆಯ ಮಾತ್ರೆ ಸಾಲದು. ಬಾಯಿ-ಗಂಟಲ ಒಳಗೆ ಕಡಿದರೂ ಆಸ್ಪತ್ರೆಗೆ ಹೋಗಿ. ತುಂಬಾ ಹುಳ ಒಟ್ಟಿಗೆ ಕಡಿದಿದ್ದರೆ ಆಗ ಆರಾಮ ಅನ್ನಿಸಿದರೂ ತೋರಿಸಿ. ವಿಷ ಜಾಸ್ತಿಯಾದರೆ ಒಂದೆರಡು ದಿನ ಬಿಟ್ಟು ಕಿಡ್ನಿಗೆ ಪೆಟ್ಟು ಬೀಳಬಹುದು. ಮೂತ್ರ ಕಡಿಮೆಯಾದರೆ, ಕಪ್ಪಗೆ ಬಂದರೆ ತಡ ಮಾಡಬೇಡಿ.

ಪರಸಿಮನೆ, ಕಲಬುರಗಿ

ಎಲ್ಲರಿಗೂ ಧನ್ಯವಾದ. ಮನೆಯವರು ಸೀಮೆಎಣ್ಣೆ ಮಾತು ಬಿಟ್ಟರು. ನಿನ್ನೆ ರಾತ್ರಿ ಹೆಲ್ಮೆಟ್ ಹಾಕಿಕೊಂಡು ಸೋಪಿನ ನೀರು ಹೊಡೆದರು. ಯಾರಿಗೂ ಕಡಿಯಲಿಲ್ಲ. ಬೆಳಗ್ಗೆ ಕಾಂಡ ಕೆರೆದು ತೊಳೆದಿದ್ದೇವೆ. ಮೆಟ್ಟಿಲಿಗೆ ಪೆಸ್ಟ್ ಕಂಟ್ರೋಲ್‌ನವರು ಶನಿವಾರ ಬರುತ್ತಾರೆ, ಅಲ್ಲಿಯ ತನಕ ಆ ಕಡೆ ಮಗನನ್ನು ಬಿಡುತ್ತಿಲ್ಲ. ಆದರೆ ಇವತ್ತು ಮಧ್ಯಾಹ್ನ ಕೂಲರ್ ಹತ್ತಿರ ಮತ್ತೆ ಒಂದೆರಡು ಕಣಜ ಸುಳಿದಾಡಿದವು. ಯಾಕೆ?

ಕೂಲರ್ ಮಿಸ್ತ್ರಿ, ಸೇಡಂ ರಸ್ತೆ

ರಾತ್ರಿ ಹೊರಗೆ ಉಳಿದವು ಇರಬಹುದು. ಕೆಲವು ದಿನ ಆ ಜಾಗಕ್ಕೆ ಬಂದು ಹುಡುಕುತ್ತವೆ. ಗೂಡಿನ ಗುರುತು ಸಿಗದಿದ್ದರೆ ಬಿಟ್ಟು ಹೋಗುತ್ತವೆ. ದಿನಾ ಒಮ್ಮೆ ಆ ಪಟ್ಟಿ ಒರೆಸಿ.

ಇಲ್ಲದಿದ್ದರೆ ನೀರಿಗೆ ಬಂದಿರುತ್ತವೆ. ಬಿಸಿಲು ಜೋರಾದರೆ ಕಣಜ ಗೂಡಿಗೆ ನೀರು ಹೊತ್ತು ತಂದು, ಹನಿ ಬಿಟ್ಟು ರೆಕ್ಕೆ ಬೀಸುತ್ತವೆ. ನಮ್ಮ ಕೂಲರ್ ಮಾಡುವ ಕೆಲಸವೇ ಅದು. ಕೂಲರ್‌ನ ಫ್ಲೋಟ್ ವಾಲ್ವ್ ಸೋರುತ್ತಿದೆಯಾ, ಕೆಳಗೆ ನೀರು ನಿಂತಿದೆಯಾ ನೋಡಿ. ಸೋರುತ್ತಿದ್ದರೆ ವಾಷರ್ ಬದಲಾಯಿಸಿ, ಖರ್ಚು ಜಾಸ್ತಿ ಏನಿಲ್ಲ. ಮಾಳಿಗೆ ಮೇಲಿನ ಟ್ಯಾಂಕ್ ಮುಚ್ಚಳವನ್ನೂ ನೋಡಿಕೊಳ್ಳಿ. ಆದರೆ ಶನಿವಾರದ ಕೆಲಸ ಮುಗಿಯುವ ತನಕ ಆ ಮೆಟ್ಟಿಲು ಹತ್ತಬೇಡಿ.