ನಿಂತಿದ್ದ ಗಾಡಿಗೆ ಗುದ್ದಿದರೆ ತಪ್ಪು ಯಾರದು? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಮನೆ ಮುಂದೆ ನಿಲ್ಲಿಸಿದ್ದ ನನ್ನ ಕಾರಿಗೆ ಒಬ್ಬರು ಹಿಂದಿನಿಂದ ಗುದ್ದಿದರು. ಬಂಪರ್, ಎಡಗಡೆ ಲೈಟ್ ಹೋಗಿದೆ. "ತಿರುವಿನಲ್ಲಿ ನಿಲ್ಲಿಸಿದ್ದು ನಿಮ್ಮದೇ ತಪ್ಪು" ಅಂತಿದ್ದಾರೆ. ತಿರುವು ಇನ್ನೂ 12 ಹೆಜ್ಜೆ ದೂರ ಇದೆ. ಕ್ಲೇಮ್ ನನ್ನ ವಿಮೆಯಲ್ಲಿ ಮಾಡಲೋ, ಅವರದರಲ್ಲೋ?

ಬೂದು ಕಾರಿನವರು:
ನಿಂತ ಗಾಡಿ ತಾನಾಗಿ ಹೋಗಿ ಯಾರಿಗಾದರೂ ಗುದ್ದುತ್ತದಾ? ನನಗೆ ಆದಾಗ ಗುದ್ದಿದವರು ಅಲ್ಲೇ "ನಂದೇ ತಪ್ಪು ಸರ್, ಎಲ್ಲಾ ಕೊಡ್ತೀನಿ" ಅಂದರು. ನಂಬಿದೆ, ಬರೆಸಿಕೊಳ್ಳಲಿಲ್ಲ. ಮಾರನೇ ದಿನ ಫೋನೇ ಎತ್ತಲಿಲ್ಲ. ಗ್ಯಾರೇಜಿನವರು ಮೊದಲು ಬಂಪರ್ ಮಾತ್ರ ಅಂದರು. ಬಿಚ್ಚಿ ನೋಡಿದರೆ ಒಳಗಿನ ಕಬ್ಬಿಣದ ಪಟ್ಟಿ ಬಾಗಿತ್ತು, ಸೆನ್ಸರ್ ವೈರ್ ತುಂಡಾಗಿತ್ತು. ಡಿಕ್ಕಿ ಮುಚ್ಚಿದರೆ ಬಲಗಡೆ ಬೆರಳು ತೂರುವಷ್ಟು ಸಂದು, ಎಡಗಡೆ ಉಗುರೂ ಹೋಗಲ್ಲ. ಮತ್ತೆ ಹಾನಿ ನೋಡೋಕೆ ವಿಮೆ ಸರ್ವೇಯರ್, ಮತ್ತೆ ಎಸ್ಟಿಮೇಟ್. 11 ಸಲ ಓಡಾಡಿದೆ. 23 ದಿನ ಕಾರಿಲ್ಲ. ಆದರೂ ಅವರ ವಿಮೆಯಿಂದಲೇ ಪೂರ್ತಿ ತೆಗೆದುಕೊಂಡೆ. ಬಿಡಬೇಡಿ.

ಲಾರಿ ಡ್ರೈವರ್, 19 ವರ್ಷ:
ಎಲ್ಲರೂ ಓಡಿಸುವವನ ಮೇಲೇ ಹಾಕ್ತೀರಿ. ನಾನು ಗುದ್ದಿದ್ದು ರಾತ್ರಿ ಹೆದ್ದಾರಿಯಲ್ಲಿ ಕೆಟ್ಟು ನಿಂತಿದ್ದ ಟ್ರೇಲರಿಗೆ. ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ, ಹಿಂದೆ ಎಚ್ಚರಿಕೆಯ ತ್ರಿಕೋನ ಇಟ್ಟಿಲ್ಲ. 60ರಲ್ಲಿ ಹೋದರೆ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 25 ಮೀಟರ್ ದಾಟಿರುತ್ತೆ. ಎಡಗೈ ಮುರಿಯಿತು, 4 ತಿಂಗಳು ಕೆಲಸ ಇಲ್ಲ. ಕೋರ್ಟಿನಲ್ಲಿ ಕೊನೆಗೆ ಟ್ರೇಲರಿನವರ ತಪ್ಪೂ ಇದೆ ಅಂತ ಪಾಲು ಹಾಕಿದರು.

ಬೂದು ಕಾರಿನವರು:
ಅಣ್ಣಾ, ಕಾಣುವಷ್ಟು ದೂರದಲ್ಲಿ ನಿಲ್ಲಿಸೋಕೆ ಆಗದ ಸ್ಪೀಡು ಯಾಕೆ?

ಲಾರಿ ಡ್ರೈವರ್, 19 ವರ್ಷ:
ಕಾರಿನಲ್ಲಿ ಕೂತು ಹೇಳೋದು ಸುಲಭ. ಒಂದು ರಾತ್ರಿ ಲೋಡ್ ಹಾಕಿಕೊಂಡು ಬನ್ನಿ, ಆಮೇಲೆ ಮಾತಾಡೋಣ.

ಸ್ಕೂಟರ್ ಅಕ್ಕ:
ನಿಮಗೆ ಗುದ್ದಿದವರಾದರೂ ಗೊತ್ತು. ನನ್ನ ಸ್ಕೂಟರ್ ಬೀಳಿಸಿ ಹೋದವರು ಯಾರೋ ಇವತ್ತಿಗೂ ಗೊತ್ತಿಲ್ಲ. ಸೈಲೆನ್ಸರ್ ಮೇಲೆ ಒಂದು ಗೇಣು ಉದ್ದ ನೀಲಿ ಬಣ್ಣ ಅಂಟಿತ್ತು, ಅಷ್ಟೇ. ಹತ್ತಿರದ ಅಂಗಡಿ ಕ್ಯಾಮೆರಾದಲ್ಲಿ 7 ದಿನದ್ದು ಮಾತ್ರ ಇರುತ್ತಂತೆ. ನಾನು ಕೇಳಿದ್ದು 9ನೇ ದಿನ! ನನ್ನ ವಿಮೆಯಲ್ಲೇ ಕ್ಲೇಮ್ ಮಾಡಿದೆ. 5 ವರ್ಷದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ) ಒಂದು ಹ್ಯಾಂಡಲ್, ಒಂದು ಕನ್ನಡಿಗೋಸ್ಕರ ಹೋಯಿತು. ಈಗಲೂ ಹೊಟ್ಟೆ ಉರಿಯುತ್ತೆ. ಗುದ್ದಿ ಓಡಿಹೋಗುವವರಿಗೆ ಲೈಸೆನ್ಸೇ ಇರಬಾರದು.

ರಿವರ್ಸ್‌ನಲ್ಲಿ ತಗುಲಿಸಿದವನು:
ಅಕ್ಕ, ಎಲ್ಲರೂ ಓಡಿಹೋಗಲ್ಲ. ರಿವರ್ಸ್ ತೆಗೆಯುವಾಗ ನಿಂತ ಕಾರಿನ ಬಾಗಿಲಿಗೆ ತಗುಲಿಸಿದೆ. ಅರ್ಧ ಗಂಟೆ ಕಾದೆ, ಯಾರೂ ಬರಲಿಲ್ಲ. ಹೆಸರು, ನಂಬರ್ ಬರೆದು ಚೀಟಿಯನ್ನು ವೈಪರಿಗೆ ಸಿಕ್ಕಿಸಿದೆ. ಸಂಜೆ ಮಳೆ ಬಂತು. ಶಾಯಿ ಪೂರ್ತಿ ಕರಗಿ ಹೋಗಿತ್ತಂತೆ. ಮೂರನೇ ದಿನ ಪೊಲೀಸರಿಂದ ಫೋನ್, ಗುದ್ದಿ ಪರಾರಿ ಅಂತ ಕಂಪ್ಲೇಂಟ್. ಚೀಟಿಯ ಫೋಟೊ ತೆಗೆದಿದ್ದಕ್ಕೆ ಉಳಿದುಕೊಂಡೆ.

ಸ್ಕೂಟರ್ ಅಕ್ಕ:
ಪೊಲೀಸರಿಗೆ ನೀವೇ ಮೊದಲು ಹೇಳಬೇಕಿತ್ತು. ಚೀಟಿ ಸಾಕು ಅಂದುಕೊಂಡಿದ್ದು ನಿಮ್ಮ ತಪ್ಪು.

ರಿವರ್ಸ್‌ನಲ್ಲಿ ತಗುಲಿಸಿದವನು:
ಅರ್ಧ ಗಂಟೆ ನಿಂತವನಿಗೆ ಈ ಮಾತಾ? ಆ ಕಾರು ಇನ್ನೊಬ್ಬರ ಗೇಟಿಗೆ ಅಡ್ಡ ಇತ್ತು. ಅದನ್ನು ಯಾರೂ ಕೇಳಲ್ಲ.

ಬೂದು ಕಾರಿನವರು:
ಗೇಟಿಗೆ ಅಡ್ಡ ಇದ್ದರೆ ಗುದ್ದಬಹುದಾ? ಅಡ್ಡ ನಿಲ್ಲಿಸಿದ್ದಕ್ಕೆ ದಂಡ ಬೇರೆ, ನೋಡದೆ ಹಿಂದೆ ತೆಗೆದಿದ್ದು ಬೇರೆ.

ಲಾರಿ ಡ್ರೈವರ್, 19 ವರ್ಷ:
ಬೇರೆ ಬೇರೆ ಅಂತೆ. ನನ್ನ ಕೈ ಮುರಿದಿದ್ದು ಆ ಟ್ರೇಲರ್ ಅಲ್ಲಿ ನಿಂತಿದ್ದಕ್ಕೇ.

ಪ್ರಶ್ನೆ ಕೇಳಿದವರು:
ಟೇಪ್ ಹಿಡಿದು ಅಳೆದೆ. ತಿರುವಿನಿಂದ 9 ಮೀಟರ್ 40 ಸೆಂಟಿಮೀಟರ್. ಟೇಪ್ ಕಾಣುವ ಹಾಗೆ ಫೋಟೊ ತೆಗೆದಿದ್ದೇನೆ. ಬಂಪರ್ ಬಿಚ್ಚಿ ನೋಡಿದ ಮೇಲೇ ಎಸ್ಟಿಮೇಟ್ ಕೊಡಿ ಅಂತ ಗ್ಯಾರೇಜಿಗೆ ಹೇಳಿದೆ. ಎದುರು ಮನೆಯವರ ಕ್ಯಾಮೆರಾ ಕೇಳೋಕೆ ಈಗಲೇ ಹೊರಟೆ.